ಮೈನಸ್ ಮೂವತ್ತರ ಫೋಟೋ ಬಂದಾಗ ಮಾಡಬೇಕಾದ ಲೆಕ್ಕ

2024ರ ಜನವರಿ ಮೊದಲ ವಾರ. ಫಿನ್‌ಲ್ಯಾಂಡಿನ ಔಲು ಪಟ್ಟಣದಲ್ಲಿರುವ ಮಗಳು ಒಂದು ಫೋಟೋ ಕಳುಹಿಸಿದಳು. ಅಡುಗೆಮನೆಯ ಕಿಟಕಿ ಗಾಜಿಗೆ ಹೊರಗಿನಿಂದ ಸಿಕ್ಕಿಸಿದ ಥರ್ಮಾಮೀಟರು, ಅದರ ಕೆಂಪು ಗೆರೆ ಮೈನಸ್ ಮೂವತ್ತರಿಂದಲೂ ಕೆಳಗೆ. ಅದೇ ವಾರ ಆ ದೇಶದ ಉತ್ತರ ತುದಿಯ ಎನೊಂಟೆಕಿಯೊದಲ್ಲಿ ಮೈನಸ್ 44.3 ಡಿಗ್ರಿ ದಾಖಲಾಗಿತ್ತು. ಆ ಫೋಟೋವನ್ನು ಬದಿಯಡ್ಕ ಪೇಟೆಯ ಚಹಾದ ಅಂಗಡಿಯಲ್ಲಿ ತೋರಿಸಿದ್ದು ನನ್ನ ತಪ್ಪು.

"ಮಾಷ್ಟ್ರೇ, ಭೂಮಿ ಬಿಸಿಯಾಗುತ್ತಿದೆ ಎಂದು ಮಕ್ಕಳಿಗೆ ಪಾಠ ಮಾಡಿದವರು ನೀವು. ಇದಕ್ಕೇನು ಹೇಳುತ್ತೀರಿ?" ಎಂದರು ಅಡಿಕೆ ವ್ಯಾಪಾರದ ಭಾವ. ಕುಳಿತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮೂವತ್ತು ವರ್ಷ ಕನ್ನಡ ಮಾಧ್ಯಮದ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವನಿಗೆ ಅಂಕಿ ಹಿಡಿದು ಉತ್ತರ ಕೊಡಲಾಗಲಿಲ್ಲವಲ್ಲ ಎಂಬ ಇರಿಸುಮುರಿಸು ಮನೆಯವರೆಗೂ ಬಂತು. ಆಮೇಲೆ ಎರಡು ತಿಂಗಳು ಕುಳಿತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಚಳಿದೇಶದಲ್ಲಿ ಮಕ್ಕಳಿರುವವರು ಈಗ ನಮ್ಮ ಊರಿನಲ್ಲಿ ಮನೆಗೊಬ್ಬರು. ಅಂಥ ಫೋಟೋ ನಿಮಗೂ ಬರುತ್ತದೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಉದ್ದನೆಯ ನೋಟುಪುಸ್ತಕ, ಗ್ರಾಫ್ ಹಾಳೆ, ಎರಡು ಬಣ್ಣದ ಪೆನ್ಸಿಲ್, ಮೊಬೈಲಿನ ಕ್ಯಾಲ್ಕುಲೇಟರ್. ಅಂಕಿಗಳನ್ನು ಫಿನ್‌ಲ್ಯಾಂಡಿನ ಹವಾಮಾನ ಸಂಸ್ಥೆ ಯಾರಿಗೆ ಬೇಕಾದರೂ ಉಚಿತವಾಗಿ ಕೊಡುತ್ತದೆ. ಹೆಲ್ಸಿಂಕಿಯ ಕೈಸಾನಿಯೆಮಿ ಎಂಬಲ್ಲಿ 1844ರಿಂದ ಉಷ್ಣತೆ ಅಳೆಯುತ್ತಿದ್ದಾರೆ. ಪಕ್ಕದ ಸ್ವೀಡನ್ನಿನ ಉಪ್ಸಾಲದಲ್ಲಂತೂ ಅಳತೆ ಶುರುವಾದದ್ದು 1722ರಲ್ಲಿ. ಡಿಗ್ರಿಗೆ ತನ್ನ ಹೆಸರು ಕೊಟ್ಟ ಸೆಲ್ಸಿಯಸ್ ಅದೇ ಊರಿನವನು. ನೋಟುಪುಸ್ತಕದಲ್ಲಿ ನಾಲ್ಕು ಅಂಕಣ ಗೀರಿ: ವರ್ಷ, ಜನವರಿಯ ಸರಾಸರಿ, ಇಡೀ ವರ್ಷದ ಸರಾಸರಿ, ಷರಾ. ಕೊನೆಯ ಅಂಕಣವನ್ನು ಅಗಲವಾಗಿ ಬಿಡಿ. ಯಾಕೆ ಎಂಬುದು ಮುಂದೆ ಬರುತ್ತದೆ.

ಮೊದಲು ಮಾಡಬೇಕಾದದ್ದು, ಉಷ್ಣತೆಯನ್ನು ನೋಡುವುದನ್ನೇ ಬಿಡುವುದು. ವಾಡಿಕೆಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದನ್ನಷ್ಟೇ ಬರೆಯಿರಿ. ನಾವು ಮಳೆಗೆ ಮಾಡುವುದೂ ಇದನ್ನೇ. ಜುಲೈಯಲ್ಲಿ ಕುಂಬಳೆಯಲ್ಲಿ ಇಷ್ಟು ಮಿಲಿಮೀಟರ್ ಬಿತ್ತು ಎಂದರೆ ಆಗ್ರಾದವನು ಪ್ರಳಯ ಎಂದುಕೊಂಡಾನು. ನಮಗೆ ಅದು ವಾಡಿಕೆಗಿಂತ ಕಡಿಮೆ ಇರಬಹುದು. ಹಾಗೆಯೇ ಎನೊಂಟೆಕಿಯೊದ ಚಳಿ ನಮಗೆ ಎದೆ ನಡುಗಿಸುತ್ತದೆ. ಅಲ್ಲಿನವರು ಅದಕ್ಕಿಂತ ಕೆಳಗೂ ಹೋಗಿ ಬಂದವರು: 1999ರ ಜನವರಿ 28ರಂದು ಕಿಟ್ಟಿಲಾದ ಪೊಕ್ಕಾದಲ್ಲಿ ಮೈನಸ್ 51.5 ಬಂದದ್ದು ಆ ದೇಶದ ದಾಖಲೆ.

ವಾಡಿಕೆ ಎಂದರೆ ಮೂವತ್ತು ವರ್ಷಗಳ ಸರಾಸರಿ. ಜಾಗತಿಕ ಹವಾಮಾನ ಸಂಘಟನೆಯ ಕಟ್ಟಳೆ ಅದು. ಈಗ ಎಲ್ಲರೂ ಬಳಸುತ್ತಿರುವುದು 1991ರಿಂದ 2020ರವರೆಗಿನ ವಾಡಿಕೆ.

ಎರಡನೆಯದಾಗಿ, ದೀರ್ಘಕಾಲದಲ್ಲಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಹುಡುಕುವ ಮೊದಲು, ವರ್ಷದಿಂದ ವರ್ಷಕ್ಕೆ ಆಗುವ ಓಲಾಟ ಎಷ್ಟೆಂದು ಅಳೆಯಿರಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಲ್ಸಿಂಕಿಯ ಜನವರಿ ಅಂಕಣದಲ್ಲಿ 1987ನ್ನೂ 2020ನ್ನೂ ನೋಡಿ. ಮೊದಲನೆಯದು ಹೆಪ್ಪುಗಟ್ಟಿಸಿದ ತಿಂಗಳು, ಎರಡನೆಯದರಲ್ಲಿ ಸರಾಸರಿಯೇ ಸೊನ್ನೆಗಿಂತ ಮೇಲೆ. ಎರಡರ ನಡುವಿನ ಅಂತರ ಹದಿನೈದು ಡಿಗ್ರಿಗೂ ಮಿಗಿಲು. ಒಂದೇ ಊರು, ಒಂದೇ ತಿಂಗಳು! ನಮ್ಮ ಕಾಸರಗೋಡಿನಲ್ಲಿ ಒಂದು ಜನವರಿಗೂ ಇನ್ನೊಂದು ಜನವರಿಗೂ ಇರುವ ವ್ಯತ್ಯಾಸ ಹೆಚ್ಚೆಂದರೆ ಒಂದೆರಡು ಡಿಗ್ರಿ. ನಮ್ಮಲ್ಲಿ ಓಲಾಡುವುದು ಮಳೆ. 2023ರಲ್ಲಿ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೆ, ವೃಷಭ ಮಾಸದ ಹತ್ತನೆಯ ದಿನವಾದ ನಮ್ಮ ಪತ್ತನಾಜೆಯ ಆಸುಪಾಸಿಗೇ. ಎರಡೇ ವರ್ಷದಲ್ಲಿ ಹದಿನೈದು ದಿನ ಹಿಂದೆ ಮುಂದೆ. ಇದನ್ನು ನೋಡಿ ಮುಂಗಾರು ವರ್ಷಕ್ಕೆ ಒಂದು ವಾರ ಬೇಗ ಬರುತ್ತಿದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ.

ಅಡಿಕೆ ಮರವನ್ನು ನೆನೆಯಿರಿ. ಗಾಳಿಗೆ ಅದರ ತುದಿ ಮಾರುದ್ದ ಓಲಾಡುತ್ತದೆ. ಅದೇ ಹೊತ್ತಿಗೆ ಮರ ಎತ್ತರವೂ ಆಗುತ್ತಿರುತ್ತದೆ, ಒಂದೊಂದು ಹಾಳೆ ಕಳಚಿದಾಗ ಒಂದೊಂದು ಗಂಟಿನಂತೆ. ಓಲಾಟವನ್ನು ನೋಡಿ ಬೆಳವಣಿಗೆ ಹೇಳಲಾಗದು. ಗಂಟು ಎಣಿಸಿ ಗಾಳಿಯ ರಭಸ ಹೇಳಲೂ ಆಗದು. ಎರಡಕ್ಕೂ ಬೇರೆ ಬೇರೆ ಕೋಲು ಬೇಕು. ಭಾವ ಮಾಡಿದ ತಪ್ಪು ಓಲಾಟದ ಕೋಲಿನಿಂದ ಎತ್ತರ ಅಳೆದದ್ದು. ಇದೇ ತಪ್ಪನ್ನು ಅವರ ಎದುರು ಪಕ್ಷದವರೂ ಮಾಡುತ್ತಾರೆ, ಒಂದು ಸೆಕೆಯ ದಿನ ಬಂದರೆ ಸಾಕು.

ಬೆಳವಣಿಗೆಯ ಕೋಲು ಮೂವತ್ತು ವರ್ಷದ ಸರಾಸರಿ. ಇದನ್ನು ಹೇಗೆ ಬಳಸುವುದೆಂದು ಒಂದು ಲೆಕ್ಕ ಮಾಡಿ ತೋರಿಸುತ್ತೇನೆ; ಏಳನೆಯ ತರಗತಿಯ ಗಣಿತ ಸಾಕು. ಕೈಸಾನಿಯೆಮಿಯಲ್ಲಿ 1981ರಿಂದ 2010ರವರೆಗಿನ ವಾರ್ಷಿಕ ವಾಡಿಕೆ 5.9 ಡಿಗ್ರಿ. 1991ರಿಂದ 2020ರವರೆಗಿನದು 6.5 ಡಿಗ್ರಿ. ಏರಿಕೆ 0.6. ಇಷ್ಟೇನಾ ಎನಿಸುತ್ತದೆ. ಆದರೆ ಈ ಎರಡು ಅವಧಿಗಳಲ್ಲಿ ಇಪ್ಪತ್ತು ವರ್ಷಗಳು ಒಂದೇ. ಬದಲಾದದ್ದು ಹತ್ತೇ: ಎಂಬತ್ತರ ದಶಕ ಹೊರಗೆ ಹೋಯಿತು, 2011ರಿಂದ 2020ರವರೆಗಿನದು ಒಳಗೆ ಬಂತು. ಮೂವತ್ತು ವರ್ಷದ ಸರಾಸರಿ 0.6 ಏರಬೇಕಾದರೆ ಒಟ್ಟು ಮೊತ್ತ 18 ಏರಬೇಕು. ಆ 18ನ್ನು ತಂದದ್ದು ಹತ್ತು ವರ್ಷಗಳು. ಅಂದರೆ ಹೋದ ದಶಕಕ್ಕಿಂತ ಬಂದ ದಶಕ ಸುಮಾರು 1.8 ಡಿಗ್ರಿ ಬೆಚ್ಚಗೆ. ಈ ಲೆಕ್ಕ ಹಾಕಿದ ರಾತ್ರಿ ನಾನು ಇನ್ನೊಮ್ಮೆ ಕೂಡಿ ನೋಡಿದೆ.

ಕೂಡಿ ನೋಡಿದ ಮೇಲೆ ನನಗೇ ಒಂದು ಅನುಮಾನ ಬಂತು. ಅದು ನಿಮಗೂ ಬರಬೇಕು. ಎಂಬತ್ತರ ದಶಕದಲ್ಲಿ 1985 ಮತ್ತು 1987 ಎಂಬ ಎರಡು ಕಡುಚಳಿಯ ವರ್ಷಗಳಿವೆ. 2011–20ರಲ್ಲಿ 2015 ಮತ್ತು 2020 ಇವೆ. ಫಿನ್‌ಲ್ಯಾಂಡಿನ ದಾಖಲೆಯಲ್ಲಿ ಅತಿ ಬೆಚ್ಚಗಿನ ವರ್ಷವೇ 2020. ಹಾಗಾಗಿ 1.8ರಲ್ಲಿ ಸ್ವಲ್ಪ ಪಾಲು ಓಲಾಟದ್ದು. ಅಷ್ಟನ್ನೂ ಬೆಳವಣಿಗೆಯ ಖಾತೆಗೆ ಬರೆದರೆ ಕಳ್ಳಲೆಕ್ಕವಾಗುತ್ತದೆ. ಇನ್ನೂ ಉದ್ದದ ಕೋಲು ಹಿಡಿದವರು ಹೇಳುವುದು ಇದು: 1847ರಿಂದ 2013ರವರೆಗಿನ 166 ವರ್ಷಗಳಲ್ಲಿ ಆ ದೇಶದ ಸರಾಸರಿ ಉಷ್ಣತೆ ಎರಡು ಡಿಗ್ರಿಗಿಂತ ಹೆಚ್ಚು ಏರಿದೆ. ಏರಿಕೆ ಹೆಚ್ಚು ಕಾಣುವುದು ನವೆಂಬರ್, ಡಿಸೆಂಬರ್, ಜನವರಿಗಳಲ್ಲಿ. ಅಂದರೆ ಭಾವ ತಮಾಷೆ ಮಾಡಿದ ಚಳಿಗಾಲದಲ್ಲೇ.

ಈಗ ಷರಾ ಅಂಕಣ. ನನ್ನ ಮನೆಯ ಕಥೆ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. 1991ರಿಂದ ಅಂಗಳದ ಮೂಲೆಯಲ್ಲಿ ಮಳೆಮಾಪಕ ಇಟ್ಟಿದ್ದೇನೆ. ನಡುವೆ ಒಮ್ಮೆ ಅಡಿಕೆ ಒಣಗಿಸಲು ಸೋಲಾರ್ ಮಾಡು ಹಾಕಿಸಿದಾಗ ಅದನ್ನು ಕೊಟ್ಟಿಗೆಯ ಹಿಂದಕ್ಕೆ ಸರಿಸಿದೆ. ಅಲ್ಲಿ ಒಂದು ಎಳೆಯ ತೆಂಗಿನ ಗಿಡವಿತ್ತು. ಗಿಡ ಬೆಳೆಯಿತು, ಮಡಲು ಅಗಲವಾಯಿತು, ಮಾಪಕಕ್ಕೆ ಬೀಳುವ ನೀರು ವರ್ಷವರ್ಷ ಕಡಿಮೆಯಾಯಿತು. ನಾಲ್ಕು ವರ್ಷ ನಾನು ಸಿಕ್ಕಸಿಕ್ಕವರಿಗೆ ಮಳೆ ಇಳಿಯುತ್ತಿದೆ ಎಂದು ಗ್ರಾಫ್ ಸಮೇತ ತೋರಿಸಿದೆ. ಕೊನೆಗೆ ಕಾಯಿ ಕೀಳಲು ಬಂದವನು ಮೇಲಿನಿಂದ ಕೂಗಿದ: "ಮಾಷ್ಟ್ರೇ, ನಿಮ್ಮ ಡಬ್ಬಿ ಮಡಲಿನ ಅಡಿಯಲ್ಲಿದೆಯಲ್ಲ!" ಸರಿಸಿದ ತಾರೀಕನ್ನಾದರೂ ಬರೆದಿಟ್ಟಿದ್ದೆನೇ? ಇಲ್ಲ. ಆ ನಾಲ್ಕು ವರ್ಷದ ಅಂಕಿಗಳ ಮೇಲೆ ಈಗ ಅಡ್ಡಗೆರೆ ಇದೆ.

ನೂರಾರು ವರ್ಷದ ದಾಖಲೆಯಲ್ಲಿ ಇಂಥ ಮಡಲುಗಳು ಎಷ್ಟೋ. ಥರ್ಮಾಮೀಟರು ಕಿಟಕಿಯಿಂದ ಬಿಳಿ ಜಾಲರಿ ಪೆಟ್ಟಿಗೆಗೆ ಹೋಗಿರುತ್ತದೆ, ಊರು ಬೆಳೆದು ಸುತ್ತ ಕಟ್ಟಡ ಬಂದಿರುತ್ತದೆ, ದಿನಕ್ಕೆ ನೋಡುವ ಹೊತ್ತು ಬದಲಾಗಿರುತ್ತದೆ. ಹವಾಮಾನದವರು ಪಕ್ಕದ ಕೇಂದ್ರಗಳ ಜೊತೆ ಹೋಲಿಸಿ ಇದನ್ನೆಲ್ಲ ಸರಿಪಡಿಸುತ್ತಾರೆ. ಕೆಲವರು ಇದನ್ನೇ ಅಂಕಿ ತಿದ್ದುವ ಮೋಸ ಎನ್ನುತ್ತಾರೆ. ನನ್ನ ತೆಂಗಿನ ಮಡಲನ್ನು ನೋಡಿದ ಮೇಲೆ ನನಗೆ ಹಾಗೆನಿಸುವುದಿಲ್ಲ. ತಿದ್ದದೆ ಬಿಟ್ಟರೇ ಮೋಸ.

ಷರಾ ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಲ್ಲಿನದೇ ಒಂದು ಸೊಗಸಾದ ಉದಾಹರಣೆ ಇದೆ. ಫಿನ್‌ಲ್ಯಾಂಡ್ ಮತ್ತು ಸ್ವೀಡನ್ನಿನ ಗಡಿಯಲ್ಲಿ ಟೋರ್ನೆ ನದಿ ಹರಿಯುತ್ತದೆ. ಕೇರಳ–ಕರ್ನಾಟಕ ಗಡಿಯ ನಮ್ಮ ತಲಪಾಡಿಯ ಹಾಗೆ, ಅತ್ತ ಒಂದು ರಾಜ್ಯಭಾರ, ಇತ್ತ ಇನ್ನೊಂದು. ಚಳಿಗಾಲವಿಡೀ ಹೆಪ್ಪುಗಟ್ಟಿದ ಆ ನದಿಯ ಮಂಜುಗಡ್ಡೆ ವಸಂತದಲ್ಲಿ ಒಡೆದು ಹೊರಡುವ ದಿನವನ್ನು ಓಲೋಫ್ ಆಲ್ಬೊಮ್ ಎಂಬ ವರ್ತಕ 1693ರಲ್ಲಿ ಬರೆಯಲು ಶುರುಮಾಡಿದ. ಅವನಿಗೆ ಹವಾಮಾನ ವಿಜ್ಞಾನ ಬೇಕಿರಲಿಲ್ಲ, ಸರಕು ಸಾಗಬೇಕಿತ್ತು. ಆ ಪಟ್ಟಿ ಇವತ್ತಿಗೂ ಮುಂದುವರಿದಿದೆ. ನೋಡಿದರೆ ಮೂರು ಶತಮಾನಗಳಲ್ಲಿ ಗಡ್ಡೆ ಒಡೆಯುವುದು ಹತ್ತು ದಿನಕ್ಕೂ ಹೆಚ್ಚು ಬೇಗವಾಗಿದೆ.

ಆದರೆ ಆಗ ಅಲ್ಲಿ ಇದ್ದದ್ದು ಹಳೆಯ ಜೂಲಿಯನ್ ಪಂಚಾಂಗ. ಫಿನ್‌ಲ್ಯಾಂಡ್ ಆಗ ಸ್ವೀಡನ್ನಿನ ಭಾಗ. ಅವರು 1700ರಲ್ಲಿ ಪಂಚಾಂಗ ಬದಲಿಸಲು ಹೊರಟು, ನಡುವೆ ಯುದ್ಧ ಬಂದು ಗೊಂದಲವಾಗಿ, 1712ರಲ್ಲಿ ಫೆಬ್ರವರಿಗೆ ಮೂವತ್ತು ದಿನ ಕೊಟ್ಟು ಹಿಂದಕ್ಕೇ ಹೋದರು. ಫೆಬ್ರವರಿ 30ರಂದು ಹುಟ್ಟಿದವನ ಜಾತಕವನ್ನು ನಮ್ಮ ಜೋಯಿಸರು ಹೇಗೆ ಬರೆಯುತ್ತಿದ್ದರೋ! ಕೊನೆಗೆ 1753ರಲ್ಲಿ ಫೆಬ್ರವರಿ 17ರ ಮರುದಿನ ಮಾರ್ಚ್ 1 ಎಂದು ಮಾಡಿ ಇಂದಿನ ಪಂಚಾಂಗಕ್ಕೆ ಬಂದರು. ಹಾಗಾಗಿ 1740ರ ಪಟ್ಟಿಯಲ್ಲಿ ಮೇ 10 ಎಂದಿದ್ದರೆ ಅದು ನಮ್ಮ ಮೇ 21. ಈ ಹನ್ನೊಂದು ದಿನ ಸೇರಿಸದೆ ಗ್ರಾಫ್ ಹಾಕಿದರೆ ಹಳೆಯ ಕಾಲದಲ್ಲೂ ಗಡ್ಡೆ ಬೇಗವೇ ಒಡೆಯುತ್ತಿತ್ತು, ಏನೂ ಬದಲಾಗಿಲ್ಲ ಎಂದು ಕಾಣುತ್ತದೆ. ಮೂರು ಶತಮಾನದ ಬದಲಾವಣೆಯನ್ನು ಒಂದು ಪಂಚಾಂಗ ನುಂಗಿಬಿಡುತ್ತದೆ.

ನಮ್ಮ ಪತ್ತನಾಜೆಗೂ ಇದು ಅನ್ವಯಿಸುತ್ತದೆ. ವೃಷಭ ಮಾಸದ ಹತ್ತು ಎಂಬುದು ನಕ್ಷತ್ರ ಹಿಡಿದು ನಡೆಯುವ ಸೌರಮಾನದ ದಿನ. ಋತುಗಳಿಗೆ ಹೋಲಿಸಿದರೆ ಅದು ಸುಮಾರು 72 ವರ್ಷಕ್ಕೆ ಒಂದು ದಿನದಂತೆ ತಡವಾಗುತ್ತ ಹೋಗುತ್ತದೆ. ಮುತ್ತಜ್ಜನ ಕಾಲದಲ್ಲಿ ಪತ್ತನಾಜೆಗೆ ಸರಿಯಾಗಿ ಮಳೆ ಹನಿಯುತ್ತಿತ್ತು ಎನ್ನುವವರು ಒಂದೆರಡು ದಿನ ಆಚೀಚೆ ಮಾಡಿಕೊಳ್ಳಬೇಕು.

ಓಲಾಡಿಸುವವರು ಯಾರು ಎಂಬುದನ್ನೂ ಗುರುತು ಹಾಕಿಕೊಳ್ಳಿ. ಫಿನ್‌ಲ್ಯಾಂಡಿನ ಚಳಿಗಾಲದ ಓಲಾಟಕ್ಕೆ ದೊಡ್ಡ ಕಾರಣ ಅಟ್ಲಾಂಟಿಕ್ ಸಾಗರದ ಮೇಲೆ ಇದೆ. ಐಸ್‌ಲ್ಯಾಂಡಿನ ಹತ್ತಿರ ವಾಯುಭಾರ ಕಡಿಮೆ, ಅಜೋರ್ಸ್ ದ್ವೀಪಗಳ ಹತ್ತಿರ ಹೆಚ್ಚು. ಎರಡರ ಅಂತರ ದೊಡ್ಡದಾದ ಚಳಿಗಾಲದಲ್ಲಿ ಪಡುವಣ ಗಾಳಿ ಬಲವಾಗಿ ಬೀಸಿ ಸಾಗರದ ಬೆಚ್ಚಗಿನ ಹವೆಯನ್ನು ಒಳಗೆ ತರುತ್ತದೆ. ಅಂತರ ಕುಗ್ಗಿದರೆ ಮೂಡಣದ ಕೊರೆಯುವ ಹವೆಗೆ ದಾರಿ ತೆರೆಯುತ್ತದೆ. 2009–10ರ ಚಳಿಗಾಲ ಅಂಥದು. ಇದಕ್ಕೆ ಉತ್ತರ ಅಟ್ಲಾಂಟಿಕ್ ಆಂದೋಲನ ಎಂದು ಹೆಸರಿಟ್ಟವನು ಗಿಲ್ಬರ್ಟ್ ವಾಕರ್. ಅವನು ಎಲ್ಲಿ ಕೆಲಸ ಮಾಡಿದ ಗೊತ್ತೇ? ಭಾರತದಲ್ಲಿ. 1904ರಿಂದ 1924ರವರೆಗೆ ಇಲ್ಲಿನ ಹವಾಮಾನ ಇಲಾಖೆಯ ಮುಖ್ಯಸ್ಥ. ನಮ್ಮ ಮುಂಗಾರು ಯಾವ ವರ್ಷ ಕೈಕೊಡುತ್ತದೆ ಎಂದು ಮೊದಲೇ ತಿಳಿಯಲು ಪ್ರಪಂಚದ ವಾಯುಭಾರದ ಅಂಕಿಗಳನ್ನೆಲ್ಲ ಕೂಡಿಸಿ ನೋಡಿದ. ಇಂದು ಎಲ್ ನಿನೋ ಜೊತೆ ಸೇರಿಸಿ ಹೇಳುವ ದಕ್ಷಿಣ ಆಂದೋಲನ ಸಿಕ್ಕಿದ್ದೂ ಅದೇ ಹುಡುಕಾಟದಲ್ಲಿ. ನಮ್ಮ ಮಳೆಯನ್ನು ಹುಡುಕಲು ಹೋದವನಿಗೆ ಮಗಳ ಊರಿನ ಚಳಿಯೂ ಸಿಕ್ಕಿತು.

ನಿಮ್ಮ ಪಟ್ಟಿಯ ಚಳಿಗಾಲಗಳ ಪಕ್ಕದಲ್ಲಿ ಈ ಆಂದೋಲನದ ಅಂಕಿ ಸೊನ್ನೆಗಿಂತ ಮೇಲಿತ್ತೋ (ವಾಯುಭಾರದ ಅಂತರ ವಾಡಿಕೆಗಿಂತ ಹೆಚ್ಚು) ಕೆಳಗಿತ್ತೋ (ಅಂತರ ಕಡಿಮೆ) ಬರೆಯಿರಿ. ಕೆಳಗಿದ್ದ ಚಳಿಗಾಲಗಳನ್ನು ಮಾತ್ರ ನೀಲಿ ಪೆನ್ಸಿಲಿನಿಂದ ಗುರುತಿಸಿ, ಹಳೆಯ ನೀಲಿಯನ್ನು ಹೊಸ ನೀಲಿಯ ಜೊತೆ ಹೋಲಿಸಿ. ಒಂದೇ ಬಗೆಯ ಗಾಳಿ ಬೀಸಿದಾಗಲೂ ಈಗಿನದು ಹಿಂದಿನಷ್ಟು ಚಳಿಯಲ್ಲ ಎಂದಾದರೆ ಅಲ್ಲಿ ಕಾಣುತ್ತಿರುವುದು ಗಂಟು, ಗಾಳಿಯಲ್ಲ. ಈ ಒಂದು ಹೋಲಿಕೆ ನನಗೆ ಉಳಿದೆಲ್ಲ ಗ್ರಾಫ್‌ಗಳಿಗಿಂತ ಹೆಚ್ಚು ಕೆಲಸಕ್ಕೆ ಬಂತು.

ಪಟ್ಟಿಯನ್ನು ಎಲ್ಲಿಂದ ಶುರುಮಾಡಿದ್ದಾರೆ, ಎಲ್ಲಿ ನಿಲ್ಲಿಸಿದ್ದಾರೆ ಎಂದು ನೋಡದೆ ಯಾರ ಗ್ರಾಫನ್ನೂ ನಂಬಬೇಡಿ. 1930ರ ದಶಕ ಉತ್ತರದಲ್ಲಿ ಬೆಚ್ಚಗಿತ್ತು. ಅಲ್ಲಿಂದ ಶುರುಮಾಡಿ 1987ಕ್ಕೆ ನಿಲ್ಲಿಸಿದರೆ ದೇಶ ತಣ್ಣಗಾಗುತ್ತಿದೆ ಎಂದು ತೋರಿಸಬಹುದು. 1987ರಿಂದ ಶುರುಮಾಡಿ 2020ಕ್ಕೆ ನಿಲ್ಲಿಸಿದರೆ ಹೌಹಾರುವಷ್ಟು ಏರಿಕೆ ತೋರಿಸಬಹುದು. ಎರಡೂ ಅಂಕಿ ನಿಜ, ಎರಡೂ ಗ್ರಾಫ್ ಕುಟಿಲ. ಅಡಿಕೆ ಧಾರಣೆಯನ್ನು ತಮಗೆ ಬೇಕಾದ ವಾರದಿಂದ ಹೇಳುವ ವ್ಯಾಪಾರಿಗಳನ್ನು ನಾವು ಕಂಡಿಲ್ಲವೇ? (ಭಾವ ಇದನ್ನು ಓದುತ್ತಾರೆಂದು ಗೊತ್ತು.)

ಓಲಾಟ ಎಂದರೆ ತಳ್ಳಿಹಾಕಬಹುದಾದ ಸಂಗತಿ ಎಂದು ಮಾತ್ರ ತಿಳಿಯಬೇಡಿ. ಮರ ಮುರಿಯುವುದು ಓಲಾಟದಲ್ಲೇ. ಪಟ್ಟಿಯಲ್ಲಿ 1867ಕ್ಕೆ ಹೋಗಿ. ಆ ವರ್ಷದ ಮೇ ತಿಂಗಳಲ್ಲಿ ಹೆಲ್ಸಿಂಕಿಯ ಸರಾಸರಿ 1.8 ಡಿಗ್ರಿ, ಇರಬೇಕಾದದ್ದಕ್ಕಿಂತ ಎಂಟು ಡಿಗ್ರಿಯಷ್ಟು ಕಡಿಮೆ. ಟೋರ್ನೆಯ ಗಡ್ಡೆ ಹೊರಟದ್ದು ಜೂನ್ 17ಕ್ಕೆ, ಆ ಇಡೀ ಪಟ್ಟಿಯಲ್ಲೇ ಅತಿ ತಡವಾಗಿ. ಬಿತ್ತನೆ ತಡವಾಯಿತು, ಶರತ್ಕಾಲದ ಹಿಮ ಬೇಗ ಬಂತು, ಮೊದಲೇ ಕೆಟ್ಟಿದ್ದ ಬೆಳೆ ಪೂರ್ತಿ ಹೋಯಿತು. 1866ರಿಂದ 68ರವರೆಗಿನ ಆ ಬರಗಾಲದಲ್ಲಿ ಫಿನ್‌ಲ್ಯಾಂಡಿನ ಜನಸಂಖ್ಯೆಯ ಶೇಕಡ ಎಂಟರಷ್ಟು ಜನ ಸತ್ತರು. ನನ್ನ ಷರಾ ಅಂಕಣದಲ್ಲಿ ಆ ವರ್ಷದ ಎದುರು ಬೇರೇನೂ ಬರೆಯಲಿಲ್ಲ, ಜೂನ್ 17 ಎಂದಷ್ಟೇ ಬರೆದೆ.

ಕೊನೆಗೆ ಥರ್ಮಾಮೀಟರನ್ನು ಮುಚ್ಚಿಟ್ಟು ಬೇರೆ ಸಾಕ್ಷಿಗಳನ್ನು ಕರೆಯಿರಿ. ಬಾಲ್ಟಿಕ್ ಸಮುದ್ರದ ಮೇಲೆ ಚಳಿಗಾಲದಲ್ಲಿ ಎಷ್ಟು ದೂರ ಗಡ್ಡೆ ಹರಡಿತು ಎಂಬುದರ ಲೆಕ್ಕ 1720ರಿಂದ ಇದೆ. ಸಮುದ್ರ ಪೂರ್ತಿ ಮುಚ್ಚಿದರೆ 4,20,000 ಚದರ ಕಿಲೋಮೀಟರ್. 2019–20ರಲ್ಲಿ ಅದರ ಹತ್ತನೇ ಒಂದು ಪಾಲೂ ಇರಲಿಲ್ಲ: 37,000, ಆ ಪಟ್ಟಿಯಲ್ಲೇ ಅತಿ ಕಡಿಮೆ. ಸ್ವೀಡನ್ನಿನ ಕೆಬ್ನೆಕೈಸೆ ಬೆಟ್ಟಕ್ಕೆ ಎರಡು ಶಿಖರ. ಹಿಮದ ಟೋಪಿ ಹೊತ್ತ ತೆಂಕಣ ಶಿಖರವೇ ದೇಶದಲ್ಲಿ ಎತ್ತರದ್ದು ಎಂದು ಅಲ್ಲಿನ ಮಕ್ಕಳು ಓದಿದ್ದರು. ಹಿಮ ಕರಗಿ 2019ರಲ್ಲಿ ಬಡಗಣದ ಕಲ್ಲು ಶಿಖರ ಅದನ್ನು ದಾಟಿತು. ಅಂಕಿಯನ್ನು ಯಾರೋ ತಿದ್ದಿದ್ದಾರೆ ಎನ್ನುವವರು ಬೆಟ್ಟಕ್ಕೂ ಹಾಗೆನ್ನಲಾರರು.

ಏರಿಕೆಗೆ ಕಾರಣ ಏನೆಂಬ ಪ್ರಶ್ನೆ ಈ ನೋಟುಪುಸ್ತಕದ ಲೆಕ್ಕದಿಂದ ಬಗೆಹರಿಯುವುದಿಲ್ಲ. ಅದಕ್ಕೆ ಬೇರೆ ಗುರುತುಗಳಿವೆ. ಸೂರ್ಯನೇ ಹೆಚ್ಚು ಕಾಯುತ್ತಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಕೆಳಗೆ ಬಿಸಿ, ಮೇಲೆ ತಂಪು ಆಗುತ್ತಿದೆ; ಕಂಬಳಿ ಹೊದ್ದವನ ಲಕ್ಷಣ ಅದು. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾದೀತು ಎಂದು 1896ರಲ್ಲೇ ಕೈಲೆಕ್ಕ ಹಾಕಿದ ಸ್ವಾಂಟೆ ಅರೇನಿಯಸ್ ಉಪ್ಸಾಲದಲ್ಲಿ ಓದಿದವನು. ಚಳಿದೇಶದವನಲ್ಲವೇ, ಅದು ಒಳ್ಳೆಯದೇ ಎಂದು ಅವನಿಗೆ ಅನಿಸಿತ್ತು. ಹಿಮ ಕರಗಿದಲ್ಲಿ ಕಪ್ಪು ನೆಲ, ಕಪ್ಪು ನೀರು ಇನ್ನಷ್ಟು ಬಿಸಿಲು ಹೀರುವುದರಿಂದ ಉತ್ತರಕ್ಕೆ ಏರಿಕೆಯ ಪಾಲು ಹೆಚ್ಚು. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ.

ನೋಟುಪುಸ್ತಕವನ್ನು ಭಾವನಿಗೆ ತೋರಿಸಿದೆ. ಅವರು ನೀಲಿ ಗೆರೆಗಳನ್ನು ಬೆರಳಿನಲ್ಲಿ ಹಿಡಿದು ನೋಡಿ, "ನಿಮಗೆ ಪಿಂಚಣಿ ಬರುತ್ತದೆ ಮಾಷ್ಟ್ರೇ, ಲೆಕ್ಕ ಹಾಕಬಹುದು" ಎಂದರು. ಒಪ್ಪಿದರು ಎಂದೇ ನನ್ನ ಊಹೆ.

2025ರ ಜುಲೈಯಲ್ಲಿ ಮಗಳಿಂದ ಮತ್ತೊಂದು ಫೋಟೋ. ಅದೇ ಕಿಟಕಿ, ಗೆರೆ ಮೂವತ್ತೆರಡರ ಮೇಲೆ. ಆ ಬೇಸಿಗೆ ಫಿನ್‌ಲ್ಯಾಂಡಿನಲ್ಲಿ ಎಲ್ಲಾದರೊಂದು ಕಡೆ ಮೂವತ್ತು ದಾಟಿದ ದಿನಗಳು ಸತತ 22. ಈ ಸಲ ಚಹಾದ ಅಂಗಡಿಗೆ ಹೋಗಿ ತೋರಿಸಿ ಸೇಡು ತೀರಿಸಿಕೊಳ್ಳುವ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮೈನಸ್ ಮೂವತ್ತಕ್ಕೆ ಹಾಕಿದ ಕಟ್ಟಳೆಯನ್ನೇ ಇದಕ್ಕೂ ಹಾಕಬೇಕಲ್ಲ. ಮಗಳಿಗೆ ಫೋನು ಮಾಡಿ, "ಆ ಕಿಟಕಿಗೆ ಬಿಸಿಲು ನೇರ ಬೀಳುತ್ತದೆ, ಥರ್ಮಾಮೀಟರನ್ನು ಉತ್ತರದ ಗೋಡೆಗೆ ಹಾಕು" ಎಂದೆ.

"ಅಪ್ಪಾ, ಇಲ್ಲಿ ಈಗ ರಾತ್ರಿ ಹತ್ತೂವರೆಗೆ ಬಿಸಿಲು ಬೀಳುವುದು ಉತ್ತರದ ಗೋಡೆಗೇ" ಎಂದಳು.

ಅದನ್ನೂ ಷರಾದಲ್ಲಿ ಬರೆದಿದ್ದೇನೆ, ತಾರೀಕು ಸಹಿತ.